ಗಾಳಿಯನ್ನು ತೂಗುವ ತಂತಿ

ಶಿರಾಡಿ ಘಟ್ಟದ ಏರಿನಲ್ಲಿ ಮುಂದೆ ಸಾಗುತ್ತಿರುವ ಲಾರಿಯನ್ನು ಹಿಂದೆ ಹಾಕಲೆಂದು ಕಾರಿನ ಚಾಲಕ ಎಕ್ಸಿಲರೇಟರನ್ನು ಅದುಮುತ್ತಾನೆ. ಕಾರು ಮುನ್ನುಗ್ಗುವುದಿಲ್ಲ. ಎತ್ತು ಮುಗ್ಗರಿಸಿದಂತೆ ಒಮ್ಮೆ ತಡವರಿಸಿ, ಅದೇ ವೇಗದಲ್ಲಿ ಏದುಸಿರು ಬಿಡುತ್ತದೆ. ಅಷ್ಟರಲ್ಲಿ ತಿರುವಿನಾಚೆಯಿಂದ ಬಸ್ಸೊಂದು ಇಳಿದು ಬರುತ್ತದೆ. ಚಾಲಕ ಬ್ರೇಕ್ ಒತ್ತಿ ಹೇಗೋ ಲಾರಿಯ ಹಿಂದಕ್ಕೆ ಸೇರಿಕೊಳ್ಳುತ್ತಾನೆ. ಹಿಂದಿನ ಸೀಟಿನಲ್ಲಿರುವ ಹೆಂಡತಿ ಮಕ್ಕಳು ಮಾತಾಡುವುದಿಲ್ಲ. ಡ್ಯಾಷ್‌ಬೋರ್ಡಿನಲ್ಲಿ ಇಂಜಿನ್ನಿನ ಆಕಾರದ ಪುಟ್ಟ ಹಳದಿ ದೀಪವೊಂದು ಹೊತ್ತಿಕೊಂಡಿದೆ.

ಗ್ಯಾರೇಜುಗಳಿಗೆ ಇಂಥ ದೂರು ಹೊತ್ತ ಕಾರುಗಳು ಆಗಾಗ ಬರುತ್ತಿರುತ್ತವೆ. ಅಂಥದೇ ಒಂದು ಕಾರು ಮಂಗಳೂರಿನಿಂದ ಹಾಸನಕ್ಕೆ ಮರಳಿದೆ ಎಂದಿಟ್ಟುಕೊಳ್ಳೋಣ. ಎರಡು ಲೀಟರ್ ಇಂಜಿನ್ನಿನ, ಹತ್ತು ವರ್ಷ ದಾಟಿದ ಪೆಟ್ರೋಲ್ ಕಾರು. ಮೊದಲ ಗ್ಯಾರೇಜಿನವರು ‘ಪೆಟ್ರೋಲ್ ಪಂಪ್ ಹೋಗಿದೆ, ಹೊಸದು ಹಾಕಬೇಕು’ ಎನ್ನುತ್ತಾರೆ. ಎರಡನೆಯವರು ‘ಆಕ್ಸಿಜನ್ ಸೆನ್ಸರ್ ಬದಲಾಯಿಸಿ ನೋಡೋಣ’ ಎನ್ನುತ್ತಾರೆ. ಬದಲಾಯಿಸಿ ನೋಡುವುದು ಗ್ಯಾರೇಜಿನವರು, ಹಣ ಕೊಡುವುದು ಕಾರಿನವರು. ಎರಡೂ ಸಾವಿರಾರು ರೂಪಾಯಿಯ ಬಾಬತ್ತು. ಎರಡನ್ನೂ ಹಾಕಿಸಿದ ಮೇಲೂ ಆ ಕಾರು ಘಟ್ಟದಲ್ಲಿ ಹಾಗೆಯೇ ಏದುಸಿರು ಬಿಡುತ್ತಿತ್ತು. ಏಕೆಂದರೆ ತಪ್ಪಿದ್ದುದು ಬೇರೊಂದು ಕಡೆ. ತಲೆಗೂದಲಿನಷ್ಟು ತೆಳುವಾದ ಒಂದು ತಂತಿಯಲ್ಲಿ.

ಒಂಬತ್ತು ಸಾವಿರ ಲೀಟರ್ ಗಾಳಿ

ಒಂದು ಲೀಟರ್ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಎಷ್ಟು ಗಾಳಿ ಬೇಕು? ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋಗ್ರಾಂ ಇರುತ್ತದೆ. ಆದ್ದರಿಂದ ಅದಕ್ಕೆ ಹನ್ನೊಂದು ಕಿಲೋಗ್ರಾಂ ಗಾಳಿ, ಅರ್ಥಾತ್ ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ ಬೇಕಾಗುತ್ತದೆ. ನಮ್ಮ ಕಣ್ಣಿಗೆ ಕಾರು ಕುಡಿಯುವುದು ಪೆಟ್ರೋಲನ್ನು. ನಿಜವಾಗಿ ಅದು ಹೊಟ್ಟೆ ತುಂಬಿಸಿಕೊಳ್ಳುವುದು ಗಾಳಿಯಿಂದ.

ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಇಂಜಿನ್ ಸೊರಗುತ್ತದೆ. ಪೆಟ್ರೋಲ್ ಹೆಚ್ಚಾದರೆ ಹೊಗೆ, ವಾಸನೆ, ಮೈಲೇಜಿನ ನಷ್ಟ. ಹಳೆಯ ಕಾರುಗಳಲ್ಲಿ ಈ ಹದವನ್ನು ಕಾರ್ಬ್ಯುರೇಟರ್ ನೋಡಿಕೊಳ್ಳುತ್ತಿತ್ತು. ಅದರ ಇಕ್ಕಟ್ಟಾದ ಗಂಟಲಿನಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಅಲ್ಲಿನ ಒತ್ತಡ ಕುಸಿದು ಪೆಟ್ರೋಲ್ ತಾನಾಗಿ ಮೇಲೆದ್ದು ಬೆರೆಯುತ್ತಿತ್ತು. ಸರಳ ಉಪಾಯ, ಆದರೆ ಗಾಳಿಯ ತೂಕವನ್ನು ಅದು ಸರಿಯಾಗಿ ಅರಿಯದು. ಮಂಗಳೂರಿನ ಒಂದು ಲೀಟರ್ ಗಾಳಿಯೂ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಹಾಸನದ ಒಂದು ಲೀಟರ್ ಗಾಳಿಯೂ ಒಂದೇ ತೂಕವಲ್ಲ. ಹಾಸನದ್ದು ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು ಹಗುರ. ಕರಾವಳಿಯಲ್ಲಿ ಹದ ಮಾಡಿದ ಕಾರ್ಬ್ಯುರೇಟರ್ ಘಟ್ಟದ ಮೇಲೆ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತಿದ್ದುದು ಇದೇ ಕಾರಣಕ್ಕೆ.

ಹೊಗೆಯ ನಿಯಮಗಳು ಬಿಗಿಯಾದಂತೆ ಈ ಉದಾಸೀನ ನಡೆಯದಾಯಿತು. ಭಾರತದಲ್ಲಿ 1995ರ ಏಪ್ರಿಲ್ ಒಂದರಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಹೊಗೆಯಲ್ಲಿನ ವಿಷಾನಿಲಗಳನ್ನು ಶುದ್ಧಿಮಾಡುವ ಈ ಸಾಧನ ಪೂರ್ತಿ ಫಲ ಕೊಡಬೇಕಾದರೆ ಗಾಳಿ ಪೆಟ್ರೋಲುಗಳ ಹದ ಕೂದಲೆಳೆಯಷ್ಟೂ ತಪ್ಪಬಾರದು. ಅದಕ್ಕಾಗಿ ಇಂಜೆಕ್ಟರ್ ಬಂತು, ಅದನ್ನು ಆಳುವ ಕಂಪ್ಯೂಟರ್ ಬಂತು. ಕಂಪ್ಯೂಟರಿಗೆ ಮೊದಲು ತಿಳಿಯಬೇಕಾದ ಸಂಗತಿ ಒಂದೇ: ಈ ಕ್ಷಣ ಇಂಜಿನ್ನಿನೊಳಗೆ ಎಷ್ಟು ಗ್ರಾಂ ಗಾಳಿ ಹೋಗುತ್ತಿದೆ?

ಊದಿ ಆರಿಸುವ ಕಾಫಿ

ಗಾಳಿಯನ್ನು ತಕ್ಕಡಿಯಲ್ಲಿಟ್ಟು ತೂಗುವುದು ಹೇಗೆ? ಇದಕ್ಕೆ ಸಿಕ್ಕ ಉಪಾಯ ಮನೆಮನೆಯಲ್ಲೂ ದಿನವೂ ನಡೆಯುವಂಥದು. ಬಿಸಿ ಕಾಫಿಯನ್ನು ಊದಿದರೆ ಆರುತ್ತದೆ. ಜೋರಾಗಿ ಊದಿದರೆ ಬೇಗ ಆರುತ್ತದೆ. ಹಾಗಾದರೆ ಎಷ್ಟು ಬೇಗ ಆರಿತು ಎಂಬುದನ್ನು ಅಳೆದು, ಎಷ್ಟು ಗಾಳಿ ಬೀಸಿತೆಂದು ಹೇಳಬಹುದಲ್ಲ!

ಏರ್ ಫಿಲ್ಟರಿನ ಡಬ್ಬಿಯಿಂದ ಇಂಜಿನ್ನಿಗೆ ಹೋಗುವ ಕೊಳವೆಯಲ್ಲಿ ಒಂದು ಪ್ಲಾಟಿನಂ ತಂತಿಯನ್ನು ಇಟ್ಟಿರುತ್ತಾರೆ. ಬಾಷ್ ಕಂಪನಿಯ ಮೊದಲ ಮಾದರಿಗಳಲ್ಲಿ ಅದರ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಏಳು ಪಾಲು ಮಾತ್ರ. ವಿದ್ಯುತ್ ಹರಿಸಿ ಅದನ್ನು ಒಳಬರುವ ಗಾಳಿಗಿಂತ ನೂರು ಡಿಗ್ರಿಗೂ ಹೆಚ್ಚು ಬಿಸಿಯಾಗಿ ಇರಿಸಲಾಗುತ್ತದೆ. ಗಾಳಿ ಹಾಯ್ದಾಗ ತಂತಿ ತಣಿಯುತ್ತದೆ. ತಣಿದರೆ ಅದರ ರೋಧ ಇಳಿಯುತ್ತದೆ. ಪಿ.ಯು.ಸಿ.ಯಲ್ಲಿ ಓದುವ ವೀಟ್‌ಸ್ಟನ್ ಸೇತುವೆ ನೆನಪಿದೆಯೆ? ಪರೀಕ್ಷೆಯ ನಂತರ ಬಹುತೇಕರು ಮರೆತುಬಿಡುವ ಅದೇ ಸೇತುವೆ ಇಲ್ಲಿ ಕಾವಲು ಕುಳಿತಿರುತ್ತದೆ. ರೋಧ ಇಳಿದೊಡನೆ ಸೇತುವೆಯ ಸಮತೋಲ ತಪ್ಪುತ್ತದೆ. ಮಂಡಲವು ಇನ್ನಷ್ಟು ವಿದ್ಯುತ್ ಹರಿಸಿ ತಂತಿಯನ್ನು ಮತ್ತೆ ಅದೇ ಬಿಸಿಗೆ ತರುತ್ತದೆ. ಹೀಗೆ ಹೆಚ್ಚುವರಿಯಾಗಿ ಹರಿಸಬೇಕಾದ ವಿದ್ಯುತ್ತೇ ಗಾಳಿಯ ಅಳತೆ. ಘಟ್ಟದ ಮೇಲಿನ ತೆಳುಗಾಳಿ ತಂತಿಯನ್ನು ಕಡಿಮೆ ತಣಿಸುತ್ತದೆ, ಕರಾವಳಿಯ ಸಾಂದ್ರ ಗಾಳಿ ಹೆಚ್ಚು ತಣಿಸುತ್ತದೆ. ಆದ್ದರಿಂದ ಇಲ್ಲಿ ಸಿಗುವುದು ಗಾಳಿಯ ಗಾತ್ರವಲ್ಲ, ದ್ರವ್ಯರಾಶಿಯೇ.

ಬಿಸಿ ತಂತಿ ಗಾಳಿಗೆ ಎಷ್ಟು ಉಷ್ಣ ಬಿಟ್ಟುಕೊಡುತ್ತದೆಂಬ ಗಣಿತ ಹೊಸದೇನಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಎಲ್. ವಿ. ಕಿಂಗ್ ಎಂಬ ಭೌತವಿಜ್ಞಾನಿ 1914ರಲ್ಲೇ ಅದನ್ನು ಪ್ರಕಟಿಸಿದ್ದ. ಅದು ಕಾರುಗಳನ್ನು ಹೊಕ್ಕಿದ್ದು 1980ರ ದಶಕದಲ್ಲಿ. ಅದಕ್ಕೂ ಮುಂಚೆ, 1970ರ ದಶಕದಲ್ಲಿ, ಗಾಳಿಯ ರಭಸಕ್ಕೆ ಬಾಗಿಲಿನಂತೆ ತೆರೆದುಕೊಳ್ಳುವ ಒಂದು ರೆಕ್ಕೆಯಿಂದ ಅಳೆಯುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಎಲ್ಲ ಕಾರುಗಳಲ್ಲೂ ಈ ತಂತಿ ಇರುವುದಿಲ್ಲ. ನಮ್ಮ ಅನೇಕ ಸಣ್ಣ ಪೆಟ್ರೋಲ್ ಕಾರುಗಳು ಇಂಜಿನ್ನಿಗೆ ಗಾಳಿ ಹಂಚುವ ಕೊಳವೆಯ ಒತ್ತಡವನ್ನು ಅಳೆದು ಲೆಕ್ಕ ಕಟ್ಟುತ್ತವೆ; ಅವುಗಳಲ್ಲಿ ಗಾಳಿಯ ಸೆನ್ಸರನ್ನು ಹುಡುಕಿದರೆ ಸಿಗದು. ದೊಡ್ಡ ಪೆಟ್ರೋಲ್ ಕಾರುಗಳಲ್ಲೂ ಈಚಿನ ಡೀಸೆಲ್ ಕಾರುಗಳಲ್ಲೂ ಅದು ಸಾಮಾನ್ಯ. ಹೊಸ ಬಗೆಯವುಗಳಲ್ಲಿ ತಂತಿಯ ಬದಲು ತೆಳುವಾದ ಪದರ ಇರುತ್ತದೆ. ಕೆಲಸದ ರೀತಿ ಒಂದೇ.

ಕಂಬಳಿ ಹೊದ್ದ ತಂತಿ

ಮೂರನೆಯ ಗ್ಯಾರೇಜು ಹಾಸನದ ಹೊರವಲಯದ್ದು. ಕಾರಿನ ಯಜಮಾನರ ಜೊತೆ ಎರಡನೇ ಪಿ.ಯು.ಸಿ. ವಿಜ್ಞಾನ ಓದುವ ಮಗಳೂ ಬಂದಿದ್ದಾಳೆ. ‘ಪಂಪ್ ಹಾಕಿಬಿಡಿ’ ಎಂದು ಯಜಮಾನರು ಬೇಸತ್ತು ಹೇಳಿದರೆ, ಮೆಕ್ಯಾನಿಕ್ ‘ಮೊದಲು ಕಾರೇ ಏನು ಹೇಳುತ್ತೆ ಕೇಳೋಣ ಸಾರ್’ ಎಂದು ಸ್ಕ್ಯಾನರನ್ನು ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಜೋಡಿಸುತ್ತಾನೆ.

ಪರದೆಯ ಮೇಲೆ ಮೂಡುವುದು ಪಿ0171 ಎಂಬ ಸಂಕೇತ. ಇಂಜಿನ್ನಿಗೆ ಗಾಳಿಗೆ ತಕ್ಕ ಪೆಟ್ರೋಲ್ ಸಿಗುತ್ತಿಲ್ಲ ಎಂದು ಅದರ ಅರ್ಥ. ಆದರೆ ಏಕೆ ಸಿಗುತ್ತಿಲ್ಲ ಎಂಬುದನ್ನು ಸಂಕೇತ ಹೇಳುವುದಿಲ್ಲ. ಇದನ್ನು ಓದಿದ ಕೂಡಲೇ ಯಾವುದೋ ಭಾಗವನ್ನು ಕಳಚಿ ಹೊಸದನ್ನು ಹಾಕುವವರೇ ಹೆಚ್ಚು. ಜ್ವರ 102 ಡಿಗ್ರಿ ಎಂದು ಥರ್ಮಾಮೀಟರ್ ತೋರಿಸಿದ ಮಾತ್ರಕ್ಕೆ ಮಲೇರಿಯಾ ಮಾತ್ರೆ ನುಂಗಿಸುವ ವೈದ್ಯನನ್ನು ಯಾರೂ ಮೆಚ್ಚರು.

ಕಾರಣ ಮೂರು ಬಗೆಯದಿರಬಹುದು. ಸೆನ್ಸರಿನ ಲೆಕ್ಕಕ್ಕೆ ಸಿಗದ ಗಾಳಿ ಬೇರೆ ಬಿರುಕಿನಿಂದ ನುಸುಳುತ್ತಿರಬಹುದು. ಪಂಪ್ ಸಾಕಷ್ಟು ಪೆಟ್ರೋಲ್ ತಳ್ಳದಿರಬಹುದು. ಇಲ್ಲವೇ ಸೆನ್ಸರೇ ಸುಳ್ಳು ಹೇಳುತ್ತಿರಬಹುದು. ಇವನ್ನು ಬೇರ್ಪಡಿಸುವ ಕೀಲಿ ಸ್ಕ್ಯಾನರಿನಲ್ಲೇ ಇದೆ. ಸೈಲೆನ್ಸರಿನ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರು ಉರಿದುಳಿದ ಆಮ್ಲಜನಕವನ್ನು ನೋಡಿ ಕಂಪ್ಯೂಟರಿಗೆ ವರದಿ ಕೊಡುತ್ತಿರುತ್ತದೆ. ಅದರ ಆಧಾರದ ಮೇಲೆ ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕೆ ಇಷ್ಟು ಶೇಕಡಾ ಪೆಟ್ರೋಲ್ ಕೂಡಿಸಬೇಕು ಇಲ್ಲವೇ ಕಳೆಯಬೇಕು ಎಂದು ತಿದ್ದಿಕೊಳ್ಳುತ್ತದೆ. ಗ್ಯಾರೇಜಿನವರು ಇದನ್ನು ಫ್ಯುಯೆಲ್ ಟ್ರಿಮ್ ಎನ್ನುತ್ತಾರೆ. ಎಲ್ಲವೂ ಸರಿಯಿದ್ದರೆ ಈ ತಿದ್ದುಪಡಿ ಸೊನ್ನೆಯ ಆಸುಪಾಸಿನಲ್ಲಿರುತ್ತದೆ.

ಈ ಕಾರಿನಲ್ಲಿ ಇಂಜಿನ್ ಸುಮ್ಮನೆ ನಿಂತು ಓಡುವಾಗ ತಿದ್ದುಪಡಿ ಕೂಡು 6. ನಿಮಿಷಕ್ಕೆ 2500 ಸುತ್ತಿನಲ್ಲಿ ಕೂಡು 13. ಏರು ಹತ್ತುವಾಗ ಕೂಡು 23. ಮಗಳು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಮೂರನ್ನೂ ಬರೆದುಕೊಳ್ಳುತ್ತಾಳೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಬಸ್ಸಿನ ಕಂಡಕ್ಟರ್ ಮುಂಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದಾನೆ, ಹಿಂಬಾಗಿಲಿನಿಂದ ಇಬ್ಬರು ಟಿಕೆಟ್ಟಿಲ್ಲದೆ ಹತ್ತುತ್ತಾರೆ ಎನ್ನಿ. ಬಸ್ಸಿನಲ್ಲಿ ಹತ್ತೇ ಜನರಿದ್ದರೆ ಇಬ್ಬರು ದೊಡ್ಡ ತಪ್ಪು. ಅರವತ್ತು ಜನರಿದ್ದರೆ ಅದು ಗೊತ್ತೇ ಆಗದು. ಬಿರುಕಿನಿಂದ ನುಸುಳುವ ಗಾಳಿಯೂ ಹಾಗೆಯೇ. ಇಂಜಿನ್ ಸುಮ್ಮನೆ ಓಡುವಾಗ ಒಳಗೆ ಹೋಗುವ ಗಾಳಿಯೇ ಸ್ವಲ್ಪ, ಒಳಗಿನ ಎಳೆತವೋ ಜೋರು. ಆಗ ಸೋರಿಕೆಯ ತಪ್ಪು ಎದ್ದು ಕಾಣುತ್ತದೆ, ವೇಗ ಏರಿದಂತೆ ಕರಗುತ್ತದೆ. ಈ ಕಾರಿನಲ್ಲಿ ಆದುದು ತದ್ವಿರುದ್ಧ. ವೇಗವೂ ಭಾರವೂ ಏರಿದಂತೆ ತಪ್ಪೂ ಏರಿದೆ. ಆದ್ದರಿಂದ ಸೋರಿಕೆಯ ಮೇಲಿನ ಅನುಮಾನ ಬಿಟ್ಟಿತು. ಹಾಗಿದ್ದರೂ ಮೆಕ್ಯಾನಿಕ್ ಸೆನ್ಸರಿನಿಂದಾಚೆಯ ರಬ್ಬರ್ ಕೊಳವೆಯನ್ನು ಬಗ್ಗಿಸಿ, ಅದರ ಮಡಿಕೆಗಳ ಸಂದಿನಲ್ಲಿ ಟಾರ್ಚ್ ಹಾಕಿ ನೋಡುತ್ತಾನೆ. ಬಿರುಕು ಅಡಗುವುದು ಅಲ್ಲಿಯೇ.

ಉಳಿದದ್ದು ಪಂಪ್ ಅಥವಾ ಸೆನ್ಸರ್. ಎರಡರ ಲಕ್ಷಣವೂ ಒಂದೇ. ಭಾರ ಹೆಚ್ಚಿದಾಗ ಕೊರತೆ ಹೆಚ್ಚುತ್ತದೆ. ಹಿಂದಿನ ಗ್ಯಾರೇಜಿನವರು ಎಡವಿದ್ದು ಇಲ್ಲಿ. ಪಂಪಿನ ಒತ್ತಡವನ್ನು ಗೇಜ್ ಹಾಕಿ ನೋಡಬೇಕು, ಅದು ಐದು ಹತ್ತು ನಿಮಿಷದ ಕೆಲಸ. ಸೆನ್ಸರನ್ನು ಪರೀಕ್ಷಿಸಲು ಮಾತ್ರ ಯಾವ ಉಪಕರಣವೂ ಬೇಡ, ಹೈಸ್ಕೂಲು ಗಣಿತ ಸಾಕು.

ಮೆಕ್ಯಾನಿಕ್ ಕೇಳುತ್ತಾನೆ: ‘ಏನಮ್ಮ, ಎರಡು ಲೀಟರ್ ಇಂಜಿನ್ನು, ಮೂರು ಸಾವಿರ ಸುತ್ತು. ಸೆಕೆಂಡಿಗೆ ಎಷ್ಟು ಗಾಳಿ?’

ನಾಲ್ಕು ಹೊಡೆತದ ಇಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದ ಗಾಳಿಯನ್ನು ಒಳಗೆಳೆಯುತ್ತದೆ. ಅಂದರೆ 3000 ಸುತ್ತಿಗೆ 1500 ಸಲ. ಸಲಕ್ಕೆ ಎರಡು ಲೀಟರಿನಂತೆ ನಿಮಿಷಕ್ಕೆ 3000 ಲೀಟರ್, ಸೆಕೆಂಡಿಗೆ 50 ಲೀಟರ್. ಸಮುದ್ರಮಟ್ಟದಲ್ಲಿ ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ. ಹಾಸನದ ಎತ್ತರಕ್ಕೆ ಹತ್ತನೆಯ ಒಂದು ಪಾಲು ಕಳೆದರೆ 1.08 ಗ್ರಾಂ. ಒಟ್ಟು 54 ಗ್ರಾಂ. ಆದರೆ ಇಂಥ ಇಂಜಿನ್ ಸಾಮಾನ್ಯವಾಗಿ ಪೂರ್ತಿ ಹೊಟ್ಟೆ ತುಂಬಿಸಿಕೊಳ್ಳದು. ಗಾಳಿಯ ಬಾಗಿಲು ಪೂರ್ತಿ ತೆರೆದಾಗಲೂ ಈ ವೇಗದಲ್ಲಿ ಒಳಸೇರುವುದು ನೂರಕ್ಕೆ 80ರಿಂದ 85 ಪಾಲು ಎಂದು ಹಿಡಿಯಬಹುದು. ಆದ್ದರಿಂದ ಸೆನ್ಸರು 43ರಿಂದ 46 ಗ್ರಾಂ ತೋರಿಸಬೇಕು.

ಊರಾಚೆಯ ಖಾಲಿ ಏರುರಸ್ತೆ. ಮೆಕ್ಯಾನಿಕ್ ಎರಡನೇ ಗೇರಿನಲ್ಲಿ ಎಕ್ಸಿಲರೇಟರ್ ಪೂರ್ತಿ ಅದುಮುತ್ತಾನೆ. ಸ್ಕ್ಯಾನರ್ ಹಿಡಿದಿರುವುದು ಹುಡುಗಿ. ಒಬ್ಬರೇ ಓಡಿಸುತ್ತ ಪರದೆಯನ್ನೂ ನೋಡುವ ಸಾಹಸ ಮಾಡಬಾರದು. ಮೂರು ಸಾವಿರ ಸುತ್ತು ದಾಟುವ ಹೊತ್ತಿಗೆ ಅವಳು ಓದುತ್ತಾಳೆ: ‘ಮೂವತ್ತಾರು.’

ಪಂಪ್ ದುರ್ಬಲವಾಗಿದ್ದರೆ ಗಾಳಿಯ ಲೆಕ್ಕ ಸರಿಯಾಗಿಯೇ ಬರಬೇಕಿತ್ತು. ಇಂಜಿನ್ 44 ಗ್ರಾಂ ನುಂಗುತ್ತಿದೆ, ಸೆನ್ಸರು 36 ಎನ್ನುತ್ತಿದೆ. ಕಂಪ್ಯೂಟರ್ ಪಾಪ, 36ಕ್ಕೆ ತಕ್ಕಷ್ಟೇ ಪೆಟ್ರೋಲ್ ಬಡಿಸುತ್ತಿದೆ. ಗೇಜ್ ಹಾಕಿದಾಗ ಪಂಪಿನ ಒತ್ತಡವೂ ಸರಿಯಾಗಿಯೇ ಇತ್ತು.

ತಂತಿ ಏಕೆ ಸುಳ್ಳು ಹೇಳುತ್ತದೆ? ಅದರ ಮೇಲೆ ಧೂಳು, ಎಣ್ಣೆಯ ಹಬೆ ಕೂತು ತೆಳ್ಳನೆಯ ಪದರ ಕಟ್ಟಿದೆ. ಕಂಬಳಿ ಹೊದ್ದವನಿಗೆ ಚಳಿಗಾಳಿ ಬೀಸಿದ್ದು ತಿಳಿಯುವುದಿಲ್ಲ. ಹಾಗೆಯೇ ಪದರ ಹೊದ್ದ ತಂತಿ ಕಡಿಮೆ ತಣಿಯುತ್ತದೆ, ಬೀಸಿದ್ದಕ್ಕಿಂತ ಕಡಿಮೆ ಗಾಳಿ ಬೀಸಿತೆಂದು ವರದಿ ಕೊಡುತ್ತದೆ. ಬಾಷ್ ಕಂಪನಿಯವರಿಗೆ ಇದು ಮೊದಲೇ ಗೊತ್ತಿತ್ತು. ಅವರ ಬಿಸಿತಂತಿಯ ಸೆನ್ಸರುಗಳಲ್ಲಿ ಇಂಜಿನ್ ಆರಿಸಿದ ಮೇಲೆ ಒಂದು ಸೆಕೆಂಡು ತಂತಿಯನ್ನು ಸುಮಾರು ಸಾವಿರ ಡಿಗ್ರಿಗೆ ಕಾಯಿಸಿ ಕೊಳೆಯನ್ನು ಸುಟ್ಟುಹಾಕುವ ಏರ್ಪಾಡಿತ್ತು. ಎಲ್ಲ ಸೆನ್ಸರುಗಳಲ್ಲೂ ಈ ಸೌಕರ್ಯವಿಲ್ಲ.

ಸೆನ್ಸರನ್ನು ಬಿಚ್ಚುವ ಮುಂಚೆ ವೈರುಗಳನ್ನು ನೋಡಬೇಕು. ನಮ್ಮಲ್ಲಿ ನಿಲ್ಲಿಸಿದ ಕಾರಿನೊಳಗೆ ಸಂಸಾರ ಹೂಡುವ ಇಲಿಗಳು ಎಷ್ಟೋ ಒಳ್ಳೆಯ ಸೆನ್ಸರುಗಳಿಗೆ ಕೆಟ್ಟ ಹೆಸರು ತಂದಿವೆ. ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದಿದೆಯೇ, ಬ್ಯಾಟರಿಯ ಹನ್ನೆರಡು ವೋಲ್ಟ್ ಬರುತ್ತಿದೆಯೇ, ಅರ್ತ್ ಗಟ್ಟಿಯಾಗಿದೆಯೇ ಎಂದು ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು. ಬಹಳಷ್ಟು ಸೆನ್ಸರುಗಳಲ್ಲಿ ಸಂಕೇತದ ವೈರು ಸುಮ್ಮನೆ ಓಡುವಾಗ ಸುಮಾರು ಒಂದು ವೋಲ್ಟ್ ಕೊಟ್ಟು, ಗಾಳಿ ಹೆಚ್ಚಿದಂತೆ ನಾಲ್ಕರವರೆಗೂ ಏರುತ್ತದೆ. ಕೆಲವು ವೋಲ್ಟೇಜಿನ ಬದಲು ಆವರ್ತನದಲ್ಲಿ ಮಾತಾಡುತ್ತವೆ. ಇಂಜಿನ್ ಓಡುತ್ತಿರುವಾಗ ಸೆನ್ಸರಿನ ಬೆನ್ನನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲನೆ ತಟ್ಟಿದಾಗ ಇಂಜಿನ್ ತಡವರಿಸಿದರೆ ಒಳಗೆ ಎಲ್ಲೋ ಬೆಸುಗೆ ಬಿಟ್ಟಿದೆ. ಅದನ್ನು ತೊಳೆದು ಫಲವಿಲ್ಲ, ಬದಲಾಯಿಸಬೇಕು. ಬದಲಾಯಿಸುವಾಗ ಅಗ್ಗದ ನಕಲಿ ಮಾಲು ಹಾಕಿದರೆ ಅದರ ಅಳತೆಯೇ ಬೇರೆಯಾಗಿ ಹೊಸ ತಲೆನೋವು ಶುರುವಾಗುತ್ತದೆ.

ಈ ಕಾರಿನ ವೈರುಗಳು ಸರಿಯಾಗಿದ್ದವು. ಇಂಜಿನ್ ಆರಿಸಿ, ತಣಿಯಲು ಬಿಟ್ಟು, ಕನೆಕ್ಟರ್ ಕಳಚಿ, ಎರಡು ಸ್ಕ್ರೂ ಬಿಚ್ಚಿದರೆ ಸೆನ್ಸರು ಕೈಗೆ ಬರುತ್ತದೆ. ಇದನ್ನು ತೊಳೆಯಲೆಂದೇ ಡಬ್ಬಿಯಲ್ಲಿ ಸಿಗುವ, ಆವಿಯಾಗಿ ಶೇಷ ಉಳಿಸದ ದ್ರವವನ್ನು ದೂರದಿಂದ ಚಿಮುಕಿಸಬೇಕು. ಬೆಲೆ ಕೆಲವು ನೂರು ರೂಪಾಯಿ. ಕಾರ್ಬ್ಯುರೇಟರ್ ತೊಳೆಯುವ ದ್ರವ ಬೇಡ. ಅದು ಪ್ಲಾಸ್ಟಿಕ್ಕನ್ನೂ ಪದರವನ್ನೂ ಕೆಡಿಸಬಲ್ಲದು. ಬಟ್ಟೆ, ಬ್ರಷ್, ಹತ್ತಿ, ಬೆರಳು ಯಾವುದೂ ತಂತಿಗೆ ತಾಕಬಾರದು. ಪಂಕ್ಚರ್ ಅಂಗಡಿಯ ಗಾಳಿಯ ಪೈಪನ್ನು ಹಿಡಿದರಂತೂ ಕತೆ ಮುಗಿದಂತೆ. ದ್ರವ ಬೇಗ ಹೊತ್ತಿಕೊಳ್ಳುವಂಥದು, ಆದ್ದರಿಂದ ಬೀಡಿ ಸಿಗರೇಟು ದೂರ. ಪೂರ್ತಿ ಒಣಗಿದ ಮೇಲೆಯೇ, ಗಾಳಿಯ ದಿಕ್ಕಿನ ಬಾಣದ ಗುರುತು ನೋಡಿ, ಮತ್ತೆ ಕೂರಿಸಬೇಕು. ಇಷ್ಟನ್ನು ಮನೆಯಲ್ಲೂ ಮಾಡಬಹುದು. ಮಕ್ಕಳು ಮಾಡುವುದಾದರೆ ದೊಡ್ಡವರು ಜೊತೆಗಿರಲಿ.

ಇಲ್ಲಿಗೆ ಕೆಲಸ ಮುಗಿಯಲಿಲ್ಲ. ತಂತಿಗೆ ಕೊಳೆ ಬಂದದ್ದು ಎಲ್ಲಿಂದ? ಫಿಲ್ಟರಿನ ಡಬ್ಬಿ ತೆರೆದಾಗ ಉತ್ತರ ಸಿಗುತ್ತದೆ. ಹಿಂದೆ ಯಾರೋ ಕಾಗದದ ಫಿಲ್ಟರಿಗೆ ಕಂಪ್ರೆಸರಿನ ಗಾಳಿ ಹೊಡೆದು ಶುಚಿ ಮಾಡಿದ್ದಾರೆ. ಅದರ ಒಂದು ಮಡಿಕೆ ಸೀಳಿದೆ. ಮುಚ್ಚಳದ ಒಂದು ಕ್ಲಿಪ್ಪೂ ಮುರಿದು ಸಂದು ಬಿಟ್ಟಿದೆ. ಘಟ್ಟದ ಕೆಂಧೂಳಿಗೆ ಅಷ್ಟು ದಾರಿ ಸಾಕು. ಹೊಸ ಫಿಲ್ಟರ್, ಹೊಸ ಕ್ಲಿಪ್ ಬೀಳುತ್ತವೆ. ಇದನ್ನು ಬಿಟ್ಟು ತಂತಿ ಮಾತ್ರ ತೊಳೆದಿದ್ದರೆ ಸ್ವಲ್ಪ ಕಾಲದಲ್ಲೇ ಕಾರು ಮತ್ತೆ ಅದೇ ದೂರಿನೊಂದಿಗೆ ಬಾಗಿಲಿಗೆ ಬರುತ್ತಿತ್ತು.

ಹಳೆಯ ತಿದ್ದುಪಡಿಯನ್ನು ಅಳಿಸಿ ಅದೇ ಏರಿನಲ್ಲಿ ಮತ್ತೆ ಓಡಿಸಿದಾಗ ಸ್ಕ್ಯಾನರ್ 44 ತೋರಿಸುತ್ತದೆ. ಸ್ವಲ್ಪ ದೂರ ಓಡಿದ ಬಳಿಕ ತಿದ್ದುಪಡಿ ಮೂರು ಕಡೆಯೂ ಕೂಡು 5ರಲ್ಲಿ ನಿಲ್ಲುತ್ತದೆ. ‘ಇನ್ನೂ ಸೊನ್ನೆ ಆಗಲಿಲ್ಲವಲ್ಲ ಅಂಕಲ್?’ ಎಂದು ಹುಡುಗಿ ಬಿಡದೆ ಕೇಳುತ್ತಾಳೆ.

ಕೇಳಬೇಕಾದ ಪ್ರಶ್ನೆಯೇ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೂ ಎಥನಾಲ್ ಬೆರೆತಿರುತ್ತದೆ. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದಕ್ಕೆ ಬೇಕಾದ ಗಾಳಿ ಒಂಬತ್ತು ಪಾಲು ಮಾತ್ರ. ಮಿಶ್ರಣಕ್ಕೆ 14.7ರ ಬದಲು ಸುಮಾರು 13.5 ಪಾಲು ಸಾಕು. ಹಳೆಯ ಪೆಟ್ರೋಲಿಗೆಂದೇ ಲೆಕ್ಕ ಬರೆದಿಟ್ಟುಕೊಂಡ ಕಾರು ಅಷ್ಟೇ ಗಾಳಿಗೆ ಸ್ವಲ್ಪ ಹೆಚ್ಚು ಇಂಧನ ಕೊಡಬೇಕಾಗುತ್ತದೆ. ಆದರೆ ಈ ವ್ಯತ್ಯಾಸ ಸುಮ್ಮನೆ ಓಡುವಾಗಲೂ ಏರು ಹತ್ತುವಾಗಲೂ ಒಂದೇ ಪ್ರಮಾಣದಲ್ಲಿರುತ್ತದೆ; ಭಾರದೊಂದಿಗೆ ಬೆಳೆಯುವುದಿಲ್ಲ. ಅದರ ಬೆನ್ನುಹತ್ತಿ ಇನ್ನೊಂದು ಭಾಗ ಬದಲಾಯಿಸಬೇಕಾಗಿಲ್ಲ.

ಹುಡುಗಿ 6, 13, 23ರ ಕೆಳಗೆ 5, 5, 5 ಎಂದು ಬರೆದು, ಪಕ್ಕದಲ್ಲಿ ‘ಎಥನಾಲ್’ ಎಂದು ಗುರುತು ಹಾಕುತ್ತಾಳೆ. ಯಜಮಾನರು ಫಿಲ್ಟರು, ಕ್ಲಿಪ್ಪು, ದ್ರವದ ಡಬ್ಬಿ, ಎರಡು ಗಂಟೆಯ ಕೂಲಿ ಇಷ್ಟಕ್ಕೆ ಹಣ ಎಣಿಸಿಕೊಡುತ್ತಾರೆ. ಸೀಳಿದ ಹಳೆಯ ಫಿಲ್ಟರನ್ನು ಮೆಕ್ಯಾನಿಕ್ ಎಸೆಯಲು ಹೋದಾಗ, ಕಾಲೇಜಿನಲ್ಲಿ ಲೆಕ್ಚರರಿಗೆ ತೋರಿಸಬೇಕೆಂದು ಅವಳು ಅದನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಹೊರಡುತ್ತಾಳೆ.